ಹಾಲು ಆರುವ ತನಕ

ನಮ್ಮೂರು ಶಹಾಬಾದ್. ಬೇಸಿಗೆ ಬಂದಿತೆಂದರೆ ಸೇಡಂ, ಚಿತ್ತಾಪುರಗಳ ಕಡೆಯಂತೆಯೇ ಇಲ್ಲಿಯೂ ಸುಣ್ಣಕಲ್ಲಿನ ನೆಲವೆಲ್ಲ ಕಾದ ಹೆಂಚಾಗುತ್ತದೆ. ಬಾಲ್ಯದ ಅಂಥ ಒಂದು ದಿನ, ಜ್ವರದಿಂದ ಆಗತಾನೆ ಎದ್ದ ನನ್ನ ತಂಗಿ ತಣ್ಣನೆಯ ಫ್ರೂಟ್ ಸಲಾಡನ್ನು ಬಯಸಿದಳು. ಹಾಸುಗಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ಅಪ್ಪ ವಾಡಿಯಿಂದ ಹಣ್ಣು ತಂದರು. ಅವ್ವ ಕೂಡಿಟ್ಟ ಹಣದಿಂದ ಒಂದು ಲೀಟರು ಹಾಲು ಕೊಂಡಳು.

ಅರ್ಧ ಹಾಲನ್ನು ರಾತ್ರಿಗೆಂದು ತೆಗೆದಿಟ್ಟು, ಉಳಿದುದನ್ನು ಕಾಯಿಸಿ, “ಹಾಲು ಆರೂತನಕ ಹಣ್ಣು ಹಾಕಬ್ಯಾಡಪ್ಪಾ” ಎಂದು ಹೇಳಿ ಅವ್ವ ನೀರಿಗೆ ಹೋದಳು. ನನಗೆ ತಾಳ್ಮೆಯೆಲ್ಲಿ? ಹುಳಿದ್ರಾಕ್ಷಿಯನ್ನು ಹಿಚುಕಿ ಬಿಸಿ ಹಾಲಿಗೆ ಸುರಿದೆ. ಹುಳಿಯೂ ಕಾವೂ ಕೂಡಿದೊಡನೆ ಹಾಲು ಒಡೆದುಹೋಯಿತು.

ಅವ್ವ ಬೈಯಲಿಲ್ಲ. ರಾತ್ರಿಗೆ ಇಟ್ಟಿದ್ದ ಹಾಲನ್ನು ಒಲೆಗೇರಿಸಿದಳು. ತಣ್ಣನೆಯ ಹಾಲಿನಲ್ಲಿ ಕದಡಿದ ಎರಡು ಚಮಚ ಕಸ್ಟರ್ಡ್ ಪುಡಿಯನ್ನೂ ಸಕ್ಕರೆಯನ್ನೂ ಬೆರೆಸಿ, ಸೌಟಾಡಿಸುತ್ತ ಗಟ್ಟಿಗೊಳಿಸಿದಳು. ಅದು ಆರಿದ ಮೇಲೆ ಪಾತ್ರೆಗೆ ಒದ್ದೆಬಟ್ಟೆ ಸುತ್ತಿ, ನೀರು ತುಂಬಿದ ಪರಾತದಲ್ಲಿ ನಿಲ್ಲಿಸಿ, ಗಾಳಿಯಾಡುವ ಕಿಟಕಿಯ ಬಳಿ ಇಟ್ಟಳು. ಬಟ್ಟೆಯ ನೀರು ಆವಿಯಾಗುವಾಗ ಪಾತ್ರೆಯ ಕಾವನ್ನು ಹೊತ್ತೊಯ್ಯುತ್ತದೆ. ಸಂಜೆಗೆ ಅದರಲ್ಲಿ ಬಾಳೆ, ಸಪೋಟ, ದಾಳಿಂಬೆಗಳು ಸೇರಿದವು.

ತಂಗಿ ಬಟ್ಟಲನ್ನು ಬರಿದುಮಾಡಿ, ಅನೇಕ ದಿನಗಳ ಮೇಲೆ ನಕ್ಕಳು. ಅವ್ವ ಮಾತ್ರ ಒಡೆದ ಹಾಲಿಗೆ ಬೆಲ್ಲ ಬೆರೆಸಿಕೊಂಡು ಮೂಲೆಯಲ್ಲಿ ಕುಳಿತು ತಿನ್ನುತ್ತಿದ್ದಳು. ನಾನು ಮೆಲ್ಲನೆ ಹೋಗಿ ನನ್ನ ಬಟ್ಟಲನ್ನು ಅವಳ ಮುಂದಿಟ್ಟೆ.

ಇಂದು ನಮ್ಮ ಮನೆಯಲ್ಲಿ ಫ್ರಿಜ್ ಇದೆ. ತಂಪು ಬೇಗನೆ ದೊರೆಯುತ್ತದೆ. ಆದರೂ ಹಾಲು ಆರುವ ತನಕ ನಾನು ಹಣ್ಣನ್ನು ಮುಟ್ಟುವುದಿಲ್ಲ.