ಎಡವೋ, ಬಲವೋ?

ಧಾರವಾಡ ಬಿಟ್ಟು ಹೈದರಾಬಾದಿಗೆ ಬಂದು 26 ವರ್ಷ. ಬ್ಯಾಂಕಿನಲ್ಲಿ ಕೂತು ಮಂದಿಯ ಕಾಗದದಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ತಾಳೆ ಇಲ್ಲ, ವಾಪಸ್. ಸಹಿ ಕೂಡಲಿಲ್ಲ, ವಾಪಸ್. ಈ ಸಲ ವಾಪಸ್ ಬಂದದ್ದು ನನ್ನದೇ ಕಾಗದ!

ಕಳೆದ ಮಳೆಗಾಲದಲ್ಲಿ ನನ್ನಾಕೆ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಎಡಗಡೆಯ ಕಾಲರ್ ಬೋನ್ ನಡುವೆ ಮುರಿದು ತುಂಡುಗಳು ಜಾಗ ಬಿಟ್ಟಿದ್ದವು. ಎಷ್ಟೋ ಜನರಿಗೆ ಕೊರಳಿಗೆ ಪಟ್ಟಿ ಹಾಕಿ ಕೈ ಕಟ್ಟಿದರೆ ಸಾಕು, ತಾನೇ ಕೂಡುತ್ತದೆ. ಇವಳಿಗೆ ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಬೇಕಾಯಿತು. ಬಿಲ್ಲು ಕಟ್ಟಿ ಇನ್ಶೂರೆನ್ಸಿಗೆ ಕ್ಲೇಮ್ ಹಾಕಿದೆ. ಹದಿನೈದು ದಿನಕ್ಕೆ ಪತ್ರ ಬಂತು. ಡಿಸ್ಚಾರ್ಜ್ ಸಮ್ಮರಿಯ ಮೇಲ್ಗಡೆ ಎಡ ಅಂತಿದೆ, ಕೆಳಗೆ ಆಪರೇಷನ್ ವಿವರದಲ್ಲಿ ಬಲ ಅಂತಿದೆ. ಮುರಿದದ್ದು ಯಾವುದು?

ಸಿಟ್ಟು ಬಂತು. ಆಸ್ಪತ್ರೆಯವರು ಫಾರ್ಮಿನಲ್ಲಿ ಎಸ್42.0 ಅಂತ ಕೋಡ್ ಹಾಕಿದ್ದಾರಲ್ಲ, ನೋಡಿಕೊಳ್ಳಬಾರದೇ? ನನ್ನ ಅಣ್ಣನ ಮಗಳು ಇಲ್ಲೇ ಒಂದು ಕಂಪನಿಯಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಮೆಡಿಕಲ್ ಕೋಡಿಂಗ್ ಮಾಡುತ್ತಾಳೆ. ಅವಳಿಗೆ ಫೋನ್ ಹಚ್ಚಿದೆ.

“ಕಾಕಾ, ಆ ಕೋಡಿನಾಗ ಕಾಲರ್ ಬೋನ್ ಮುರದದ ಅಂತಷ್ಟೇ ಅದ. ಎಡ-ಬಲ ಅದರಾಗ ಇಲ್ಲ” ಅಂದಳು.

ಅದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿ. ಅಮೆರಿಕದವರು ಅದನ್ನೇ ಉದ್ದ ಮಾಡಿಕೊಂಡು 2015ರ ಅಕ್ಟೋಬರಿನಿಂದ ಬಳಸುತ್ತಿದ್ದಾರೆ. ಅಲ್ಲಿ ಇವಳ ಮುರಿತ ಎಸ್42.022ಎ. ಎಸ್42.0 ಆದಮೇಲೆ ಮೊದಲ 2 ಅಂದರೆ ಎಲುಬಿನ ನಡುಭಾಗ. ಎರಡನೆಯ 2 ಅಂದರೆ ಎಡಗಡೆಯದು, ಜಾಗ ಬಿಟ್ಟದ್ದು, ಬಲಗಡೆಯದಾದರೆ 1. ‘ಎ’ ಅಂದರೆ ಚರ್ಮ ಹರಿಯದ ಮುರಿತ, ಚಿಕಿತ್ಸೆ ನಡೆದಿದೆ. ಸರಿಯಾಗಿ ಕೂಡುತ್ತಿದ್ದರೆ ಮುಂದೆ ‘ಡಿ’, ಕೂಡದೇ ಹೋದರೆ ‘ಕೆ’. ಡಾಕ್ಟರು ಬರೆದದ್ದರಲ್ಲೇ ತಾಳೆ ಇಲ್ಲದಿದ್ದರೆ ಕೋಡ್ ಹಾಕುವವರು ಊಹೆ ಮಾಡುವಂತಿಲ್ಲ, ಡಾಕ್ಟರನ್ನೇ ಕೇಳಬೇಕಂತೆ. ಥೇಟ್ ನಮ್ಮ ವೋಚರಿನ ಕಥೆ!

ಆಸ್ಪತ್ರೆಗೆ ಮೂರು ಸಲ ಅಲೆದೆ. ಈ ಕೌಂಟರಿನವರು ಆ ಕೌಂಟರ್ ತೋರಿಸಿದರು, ಅವರು ಇನ್ನೊಂದು. ಬೆಂಚಿನ ಮೇಲೆ ಕೂತಾಗ ಒಬ್ಬ ಪೆನ್ಶನ್ ಅಜ್ಜಿ ನೆನಪಾದರು. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಅಂತ ಅವರನ್ನು ಎರಡು ಸಲ ವಾಪಸ್ ಕಳಿಸಿದವನು ನಾನೇ. ನಿಯಮದಲ್ಲಿ ತಪ್ಪಿಲ್ಲ. ಆದರೆ ಏನು ತರಬೇಕು, ಎಲ್ಲಿ ಸಿಗುತ್ತದೆ ಅಂತ ಒಂದು ಚೀಟಿ ಬರೆದು ಕೊಡಬಹುದಿತ್ತು. ಈಗ ಬರೆದು ಕೊಡುತ್ತೇನೆ.

ಕಡೆಗೆ ಡಾಕ್ಟರು ಎಕ್ಸ್‌ರೇ ನೋಡಿ, ತಿದ್ದಿ, ಸಹಿ-ಸಿಕ್ಕಾ ಹಾಕಿಕೊಟ್ಟರು. ದುಡ್ಡೂ ಬಂತು.

ಮೊನ್ನೆ ಇವಳಿಗೆ ಜಾಣತನದಿಂದ “ಈಗ ನಿಂದು ‘ಡಿ’ ನೋಡು” ಅಂದೆ.

“ಏನರೆ ಇರಲ್ರಿ, ಜಡಿ ಹಾಕ್ಕೊಳ್ಳಿಕ್ಕೆ ಕೈ ಮ್ಯಾಲೆ ಏಳವಲ್ದು” ಅಂದಳು.

ಇಷ್ಟು ದಿನ ಕಾಗದ ಹಿಡಿದು ಓಡಾಡಿದವನು ಅದೊಂದನ್ನು ಕೇಳಿಯೇ ಇರಲಿಲ್ಲ. ಮುಂದಿನ ವಾರ ಡಾಕ್ಟರಿಗೆ ಹೇಳಿ ಅದನ್ನೂ ಬರೆಸಬೇಕು. ನೀವೂ ಅಷ್ಟೇ, ಆಸ್ಪತ್ರೆ ಬಿಡುವ ಮೊದಲು ಸಮ್ಮರಿ ಪೂರ್ತಿ ಓದಿಬಿಡಿ. ಎಡ-ಬಲ ಎರಡು ಸಲ ನೋಡಿ.