ಪೆಟ್ಟಿಗೆಯ ಬೆಲೆಯೂ ಬಾಗಿಲಿನ ಬೆಲೆಯೂ

ಹೊರದೇಶದಿಂದ ಸರಕನ್ನು ತರಿಸುವ ವೆಚ್ಚವು ದಾರಿಯ ದೂರವನ್ನೇ ಅವಲಂಬಿಸಿರುವುದೆಂದು ನಮ್ಮ ಗೃಹಸ್ಥರಲ್ಲಿ ಅನೇಕರು ಭಾವಿಸಿರುವರು. ದೂರಕ್ಕಿಂತಲೂ ಬಾಗಿಲೇ ಹೆಚ್ಚು ದುಬಾರಿಯಾಗಬಹುದೆಂಬುದಕ್ಕೆ ರಾಮನಗರದ ಸುತ್ತಣ ನಮ್ಮ ಸೀಮೆಯೇ ಸಾಕ್ಷಿಯಾಗಿದೆ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ನಿಲ್ದಾಣವು 1961ರ ಡಿಸೆಂಬರದ ವರೆಗೆ ಎರಡು ರಾಜ್ಯಗಳ ಮೇರೆಯಲ್ಲಿದ್ದಿತು. ಘಟ್ಟದ ಕೆಳಗಿನದು ಪೋರ್ತುಗೀಜರ ಗೋವೆ. ಬ್ರಿಟಿಷರಿಗೂ ಪೋರ್ತುಗೀಜರಿಗೂ 1878ರಲ್ಲಿ ಆದ ಒಪ್ಪಂದದಿಂದ ಎರಡು ಸೀಮೆಗಳ ನಡುವಣ ಸುಂಕವು ನಿಂತಿತು. 1892ರಲ್ಲಿ ಆ ಒಪ್ಪಂದವು ಕೊನೆಗಾಣಲು ಸುಂಕದ ಕಟ್ಟೆಗಳು ಮರಳಿ ಬಂದವು. ಘಟ್ಟದ ಎತ್ತರವಾಗಲಿ ಹಾದಿಯ ಉದ್ದವಾಗಲಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ಇಂದು ನಮ್ಮೂರನ್ನು ಹಾದು ಅನಮೋಡ ಘಟ್ಟದತ್ತ ಸಾಗುವ ಲಾರಿಗಳ ಮೇಲೆ ಕಂಟೇನರು ಎಂಬ ಉಕ್ಕಿನ ಪೆಟ್ಟಿಗೆಗಳನ್ನು ವಾಚಕರು ಕಂಡಿರಬಹುದು. 1956ರ ಏಪ್ರಿಲ್ 26ರಂದು ಅಮೇರಿಕೆಯ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ವ್ಯಾಪಾರಿಯು ಇಂಥ 58 ಪೆಟ್ಟಿಗೆಗಳನ್ನು ಒಂದು ಹಡಗಿನಲ್ಲಿಟ್ಟು ನೆವಾರ್ಕದಿಂದ ಹ್ಯೂಸ್ಟನ್ನಿಗೆ ಸಾಗಿಸಿದನು. ಬಿಡಿ ಸರಕನ್ನು ಹಡಗಿಗೇರಿಸಲು ಟನ್ನಿಗೆ 5.86 ಡಾಲರು ತಗಲುತ್ತಿದ್ದ ಆ ಕಾಲದಲ್ಲಿ, ಈ ಪೆಟ್ಟಿಗೆಯಿಂದ ಅದು ಸುಮಾರು 16 ಸೆಂಟಿಗೆ ಇಳಿಯಿತು. ಈಗ ಪೆಟ್ಟಿಗೆಯ ಅಳತೆಯು ಲೋಕಕ್ಕೆಲ್ಲ ಒಂದೇ. ಹಾಗಾದರೆ ಅದನ್ನು ಬರಮಾಡಿಕೊಳ್ಳುವ ವೆಚ್ಚವೂ ಎಲ್ಲ ದೇಶಗಳಲ್ಲಿ ಸಮನಾಗಿರಬೇಕಲ್ಲವೇ?

ಹಾಗಿಲ್ಲ. ಜಾಗತಿಕ ಬ್ಯಾಂಕಿನ 2014ನೆಯ ವರ್ಷದ ವರದಿಯಲ್ಲಿ, 20 ಅಡಿಯ ಒಂದು ಪೆಟ್ಟಿಗೆಯನ್ನು ಆಮದು ಮಾಡಿಕೊಳ್ಳಲು ಸಿಂಗಾಪುರದಲ್ಲಿ 440 ಡಾಲರೂ ಭಾರತದಲ್ಲಿ 1,250 ಡಾಲರೂ ತಗಲುವುದೆಂದು ಕಾಣಿಸಿದ್ದರು. ಕಡಲಯಾನದ ಬಾಡಿಗೆಯಾಗಲಿ ಸರಕಾರದ ಸುಂಕವಾಗಲಿ ಈ ಲೆಕ್ಕದಲ್ಲಿ ಸೇರಿರಲಿಲ್ಲ. ಕಾಗದಪತ್ರ, ತಪಾಸಣೆ, ಬಂದರದ ಕೆಲಸ, ಒಳನಾಡಿನ ಸಾಗಾಣಿಕೆ ಇವಿಷ್ಟೇ. ಆದರೂ ನ್ಯಾಯವಾಗಿ ಒಂದು ಮಾತು ಹೇಳತಕ್ಕದ್ದಿದೆ. ಸಿಂಗಾಪುರದಲ್ಲಿ ನಗರವೂ ಬಂದರವೂ ಒಂದೇ. ನಮ್ಮ ದೇಶದಲ್ಲಿ ಸರಕು ಬಂದರದಿಂದ ಬಹುದೂರ ನೆಲದ ಮೇಲೆ ಸಾಗಬೇಕು. ಅಲ್ಲದೆ ಅಂಕಿಗಳಲ್ಲಿ ದೋಷಗಳು ಕಂಡುಬಂದ ಕಾರಣ ಆ ವರದಿಗಳ ಮಾಲೆಯನ್ನೇ ಬ್ಯಾಂಕು 2021ರಲ್ಲಿ ನಿಲ್ಲಿಸಿತು. ಆದುದರಿಂದ ಅವನ್ನು ವೇದವಾಕ್ಯವೆಂದು ತಿಳಿಯದೆ, ದಿಕ್ಕು ತೋರುವ ಗುರುತೆಂದಷ್ಟೇ ತಿಳಿಯುವುದು ಲೇಸು.

ಈ ವಿಷಯವು ನಮ್ಮ ಮನಸ್ಸಿಗೆ ನಾಟಿದುದು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಸಂಸಾರದ ದೆಸೆಯಿಂದ. ಆತನು ಗೇರುಬೀಜ ಒಡೆಯುವ ಯಂತ್ರಗಳನ್ನು ಹೊರದೇಶದಿಂದ ತರಿಸಲು ಹೆಂಡತಿಯ ಬಳೆ ಸರಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟನು. ಸಿಂಗಾಪುರದಲ್ಲಿರುವ ಆತನ ಸೋದರಮಾವನ ಮಗನು ತನಗೆ ತಗಲಿದ ಖರ್ಚನ್ನು ಬರೆದು ಕಳಿಸಿದ್ದನು. "ಮಾಸ್ತರರೇ, ಹಡಗಿನ ಬಾಡಿಗೆ ಇನ್ನೂ ಕಡಿಮೆಯೇ ಇದೆ, ಉಳಿದದ್ದು ಅವನಿಗಾದಷ್ಟೇ ಆದೀತು" ಎಂದನು. "ತಮ್ಮಾ, ಅದು ಅವನ ಬಾಗಿಲಿನ ಲೆಕ್ಕ. ನಿನ್ನ ಬಾಗಿಲಿನದನ್ನು ಬರೆಸಿಕೊಂಡೆಯಾ?" ಎಂದು ನಾವು ಕೇಳಿದೆವು. ಅಷ್ಟರಲ್ಲಿ ಪೆಟ್ಟಿಗೆಯು ಹಡಗೇರಿಯಾಗಿತ್ತು.

ಮುಂದೆ ನಡೆದುದು ಇಷ್ಟೇ. ಯಾದಿಯಲ್ಲಿ ಬರೆದ ತೂಕಕ್ಕೂ ಬೇರೊಂದು ಪತ್ರದಲ್ಲಿದ್ದ ತೂಕಕ್ಕೂ ಹೊಂದಲಿಲ್ಲ. ಅದನ್ನು ತಿದ್ದಿಸಬೇಕಾದ ದಲಾಲನು ಇಂದು ನಾಳೆ ಎಂದು ದಿನ ದೂಡಿದನು. ಬಿಟ್ಟಿಯಾಗಿ ಇರಿಸಿಕೊಳ್ಳುವ ದಿನಗಳು ಮುಗಿಯಲು, ಜಾಗಕ್ಕಾಗಿ ಬಂದರದವರ ಡೆಮರೇಜು, ಪೆಟ್ಟಿಗೆಯನ್ನು ಹಿಂದಿರುಗಿಸದುದಕ್ಕಾಗಿ ಹಡಗಿನವರ ದಂಡ, ಒಡವೆಗಳ ಮೇಲಿನ ಬಡ್ಡಿ, ಈ ಮೂರೂ ಏಕಕಾಲದಲ್ಲಿ ಬೆಳೆಯತೊಡಗಿದವು. ಕೊನೆಗೆ ಯಂತ್ರಗಳು ಬಂದವು. ಅವು ಚೆನ್ನಾಗಿಯೂ ನಡೆಯುತ್ತಿವೆ. ಆದರೆ ಆ ಗೃಹಿಣಿಯು ಈ ವರ್ಷದ ಚವತಿಯ ಹಬ್ಬದಲ್ಲಿ ಗಾಜಿನ ಬಳೆಗಳನ್ನಷ್ಟೇ ತೊಟ್ಟು ನಮಗೆ ಬಡಿಸಿದಳು. ಆಕೆಯು ಒಂದು ಮಾತನ್ನೂ ಆಡಲಿಲ್ಲ. ನಮಗೆ ಮಾತ್ರ ತುತ್ತು ಗಂಟಲಲ್ಲಿಳಿಯುವುದು ಕಷ್ಟವಾಯಿತು.

ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಒಳಬರುವ ಸರಕಿಗೆ ಬೆಲೆಯ ಐದನೆಯ ಒಂದು ಪಾಲನ್ನು ಶುಲ್ಕವಾಗಿ ವಿಧಿಸಿದ್ದಾನೆ. ಆದರೆ ನಾಡಿಗೆ ಮಹೋಪಕಾರವಾಗುವ ವಸ್ತುಗಳನ್ನೂ ದುರ್ಲಭವಾದ ಬೀಜಗಳನ್ನೂ ಶುಲ್ಕವಿಲ್ಲದೆ ಬಿಡಬೇಕೆಂದೂ ವಿಧಿಸಿದ್ದಾನೆ. ಶುಲ್ಕವೆಂಬುದು ಮೊದಲೇ ಗೊತ್ತಾಗಿರುವ ಹೊರೆ. ಗೃಹಸ್ಥನು ಅದಕ್ಕೆ ಸಿದ್ಧನಾಗಬಲ್ಲನು. ಕಾಯುವಿಕೆಯು ಹಾಗಲ್ಲ, ಅದರ ಮೊತ್ತವನ್ನು ಮುಂಚಿತವಾಗಿ ಯಾರೂ ಹೇಳಲಾರರು, ಮತ್ತು ಅದು ಧನಿಕನಿಗಿಂತ ಸಾಲಗಾರನನ್ನೇ ಹೆಚ್ಚಾಗಿ ಸುಡುವುದು. ಬಂದರಗಳಲ್ಲಿ ಸರಕು ಬೇಗನೆ ಸಾಗಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶವು 2016ರಲ್ಲಿ ಸಮ್ಮತಿಯಿತ್ತಿದೆ. ಅದು 2017ರ ಫೆಬ್ರುವರಿಯಲ್ಲಿ ಜಾರಿಗೆ ಬಂದಿದೆ. ಇದು ಸಂತೋಷದ ಸಂಗತಿ.

ಹೀಗಿದ್ದರೂ ಹೊರದೇಶದಿಂದ ಏನನ್ನಾದರೂ ತರಿಸಬೇಕೆಂದಿರುವ ಗೃಹಸ್ಥರು ಹಡಗಿನ ಬಾಡಿಗೆಯೊಂದನ್ನೇ ನೋಡಿ ಹಿಗ್ಗಬಾರದು. ಬಂದರದ ಖರ್ಚು, ಸುಂಕ ತೆರಿಗೆಗಳು, ದಲಾಲನ ಕೂಲಿ, ಬಿಟ್ಟಿ ದಿನಗಳೆಷ್ಟು, ಆಮೇಲಿನ ದಂಡವೆಷ್ಟು, ಮನೆಯ ವರೆಗಿನ ಲಾರಿಯ ಬಾಡಿಗೆ ಎಷ್ಟು ಎಂಬಿವನ್ನು ಒಂದೇ ಹಾಳೆಯ ಮೇಲೆ ಬರೆಸಿಕೊಂಡು, ಪತ್ರಗಳ ತೂಕವನ್ನೂ ಎಣಿಕೆಯನ್ನೂ ಹಡಗು ಹೊರಡುವ ಮೊದಲೇ ತಾಳೆ ನೋಡಬೇಕು. ಆ ಹಾಳೆಯನ್ನು ಮನೆಯಾಕೆಗೂ ಓದಿ ಹೇಳಿ, ಅನಂತರವೇ ಒಡವೆಯ ಪೆಟ್ಟಿಗೆಯ ಬೀಗವನ್ನು ತೆಗೆಯಬೇಕು.