ಸೂರಿನ ಕೆಳಗೊಂದು ಅಂಕಣ

ಅಕ್ಟೋಬರ್ 6, ಕೊಳ್ಳೇಗಾಲ, ರಾತ್ರಿ
ಮತ್ತೆ ಮಳೆ. ಮೈದಾನವೆಲ್ಲ ಕೆಸರು. ಹನೂರಿನ ಕಡೆಯ ಹುಡುಗಿಯರು ಎರಡು ಬಸ್ ಬದಲಾಯಿಸಿ ಬಂದರು, ವಾಲಿಬಾಲ್ ನೆಟ್ ಕಟ್ಟುವ ಮೊದಲೇ ತಿರುಗಿ ಹೋದರು. ಮಳೆ ಬಿಟ್ಟರೆ ಸಮಾರಂಭ. ಶಾಮಿಯಾನದ ಗೂಟ ಕಿತ್ತ ಗುಂಡಿಗಳು, ಮೊಳೆ, ಗಾಜಿನ ಚೂರು. ಯಳಂದೂರಿನ ಹುಡುಗಿಯ ಮಂಡಿ ಸೀಳಿದ್ದು ಅಂಥದ್ದೇ ಚೂರಿನಿಂದ.
ಕಲ್ಲಿಕೋಟೆಯ ಗೆಳತಿ ಫೋನ್ ಮಾಡಿದ್ದಳು. ಬಿ.ಪಿ.ಎಡ್‌ನಲ್ಲಿ ಜೊತೆಗಿದ್ದವಳು. "ದಸರಾ ರಜೆ ತಾನೆ, ಹುಡುಗಿಯರನ್ನ ಕರ್ಕೊಂಡು ಬಾರೆ, ಇಲ್ಲಿ ಒಳಾಂಗಣದಲ್ಲಿ ಆಡ್ಲಿ." ಹೋಗೋಣ ಅಂದುಬಿಟ್ಟೆ. ದುಡ್ಡು?

ಅಕ್ಟೋಬರ್ 9, ಬಸ್ಸಿನಲ್ಲಿ
766ನೇ ರಾಷ್ಟ್ರೀಯ ಹೆದ್ದಾರಿ. ಒಂದು ತುದಿ ನಮ್ಮೂರು, ಇನ್ನೊಂದು ತುದಿ ಕಲ್ಲಿಕೋಟೆ. ಮಕ್ಕಳಿಗೆ ಹೇಳಿದರೆ ನಂಬಲಿಲ್ಲ. ಬಂಡೀಪುರ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, 2009ರಿಂದಲೂ ಹಾಗೇ. ಬೆಳಕಿರುವಾಗಲೇ ಕಾಡು ದಾಟಿದೆವು. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಮುಗಿಯುವಷ್ಟರಲ್ಲಿ ಎಲ್ಲರ ಕೈಯಲ್ಲೂ ನಿಂಬೆಹಣ್ಣು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ ಮಾತ್ರ ಕಿಟಕಿಗೆ ಅಂಟಿಕೊಂಡು ಕೂತಿದ್ದಳು. ಅವಳಿಗೆ ಘಾಟಿ ಹೊಸದಲ್ಲ. ಕಡಲು ಹೊಸದು.

ಅಕ್ಟೋಬರ್ 10, ಮಧ್ಯಾಹ್ನ
ವಿ.ಕೆ. ಕೃಷ್ಣ ಮೆನನ್ ಒಳಾಂಗಣ ಕ್ರೀಡಾಂಗಣ. ಹೊರಗೆ ಗುಡುಗು, ಧಾರಾಕಾರ ಮಳೆ. ಒಳಗೆ ಆಟ ನಿಲ್ಲಲಿಲ್ಲ. ಇಷ್ಟೇ ನೋಡಿದ್ದು, ಗಂಟಲು ಕಟ್ಟಿತು.
"ಮಿಸ್, ಬಿದ್ರೂ ತರ್ಚಲ್ಲ!" ಅಂದಳು ಹನೂರಿನವಳು. ಆಮೇಲೆ ಬೇಕೆಂದೇ ಬಿದ್ದು ಬಿದ್ದು ಚೆಂಡು ಎತ್ತಿದಳು. ನಮ್ಮ ಮೈದಾನದಲ್ಲಿ ಅವಳಿಗೆ ಡೈವ್ ಕಲಿಸಲು ನಾನೇ ಹೆದರುತ್ತಿದ್ದೆ.
ಎತ್ತರದ ಸರ್ವ್ ಹಾಕಿದರೂ ಸೂರಿಗೆ ತಾಗುವುದಿಲ್ಲ. ವಾಲಿಬಾಲ್‌ಗೆ ಅಂಕಣದ ಮೇಲೆ ಕನಿಷ್ಠ 7 ಮೀಟರ್ ಖಾಲಿ ಜಾಗವಿರಬೇಕು, ವಿಶ್ವಮಟ್ಟದ ಪಂದ್ಯಕ್ಕೆ 12.5. ಸಮುದಾಯ ಭವನ ಕಟ್ಟಿ ಒಳಾಂಗಣ ಕ್ರೀಡಾಂಗಣವೆಂದು ಹೆಸರಿಟ್ಟರೆ ಈ ಎತ್ತರ ಬರುವುದಿಲ್ಲ.

ಅದೇ ದಿನ, ರಾತ್ರಿ
ಮೆನನ್ ಯಾವ ಆಟ ಆಡುತ್ತಿದ್ದರು ಎಂದು ಮಕ್ಕಳು ಕೇಳಿದರು. ಆಟಗಾರರಲ್ಲ, ರಕ್ಷಣಾ ಸಚಿವರಾಗಿದ್ದರು, ಈ ಊರಿನವರೇ, 1957ರಲ್ಲಿ ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಬಗ್ಗೆ ಸುಮಾರು ಎಂಟು ಗಂಟೆ ಮಾತಾಡಿದರು ಎಂದೆ. ಮುಖ ಬಾಡಿತು. ತಿರುವನಂತಪುರದ ಒಳಾಂಗಣಕ್ಕೆ ವಾಲಿಬಾಲ್ ಆಟಗಾರ ಜಿಮ್ಮಿ ಜಾರ್ಜ್ ಹೆಸರಿದೆ ಎಂದಾಗ ಎದ್ದು ಕೂತರು. ಜಿಮ್ಮಿ ಇಟಲಿಯಲ್ಲಿ ಆಡುತ್ತಿದ್ದರು, 1987ರಲ್ಲಿ ಅಲ್ಲೇ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಹೆಸರು ಓದುತ್ತಾ ಒಳಗೆ ಹೋಗುವ ಮಕ್ಕಳು ಅದೃಷ್ಟವಂತರು.

ಅಕ್ಟೋಬರ್ 11
ಇಂಥ ಒಳಾಂಗಣಗಳಲ್ಲಿ ಸಂಗೀತ ಕಾರ್ಯಕ್ರಮವೂ ಆಗುತ್ತದಲ್ಲ, ನೆಲದ ಗತಿ ಏನು ಎಂದು ಗೆಳತಿಯನ್ನು ಕೇಳಿದೆ. ಹಲಗೆ ಹಾಸದೆ ವೇದಿಕೆ ಏರಿಸಲು ಬಿಡಬಾರದು ಅಂದಳು. ಮರದ ನೆಲವಾದರೆ ಕಡಲ ತೇವಕ್ಕೇ ಉಬ್ಬುತ್ತದೆ, ಅದರ ಮೇಲೆ ಕಬ್ಬಿಣ ಎಳೆದರೆ ಮುಗಿಯಿತು. ಬ್ಯಾಡ್ಮಿಂಟನ್‌ನವರಿಗೆ ಗಾಳಿ ಬೇಡ, ನೋಡಲು ಬಂದವರಿಗೆ ಗಾಳಿ ಬೇಕು. ಹಾಡುವವರಿಗೆ ಪ್ರತಿಧ್ವನಿ ಶತ್ರು.
ಇಲ್ಲಿ ಬೀಸು ಕಂಸಾಳೆ ಆಡಿಸಿದರೆ? ಮಾದಪ್ಪನ ಬೆಟ್ಟದ ಬಯಲಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಈ ಸೂರಿನಡಿ ಎಲ್ಲ ಕಲಸಿಹೋಗಬಹುದೇನೋ. ಆಟಕ್ಕೂ ಹಾಡಿಗೂ ಒಂದೇ ಮನೆ ಸಾಕೇ? ಬಗೆಹರಿಯಲಿಲ್ಲ.

ಅಕ್ಟೋಬರ್ 12, ಸಂಜೆ
ಏಳೂವರೆ ಗಂಟೆ. ನಮ್ಮ ಹುಡುಗಿಯರು ಇನ್ನೂ ಆಡುತ್ತಿದ್ದಾರೆ. ಊರಲ್ಲಿ ಆರಾದರೆ "ಕತ್ತಲಾಯ್ತು, ಕಳಿಸಿ ಮಿಸ್" ಎಂದು ಮನೆಯಿಂದ ಫೋನ್. ತಪ್ಪು ಅವರದಲ್ಲ. ಅಲ್ಲಿ ದೀಪವಿಲ್ಲ, ಬಾಗಿಲಿಲ್ಲ, ಬಟ್ಟೆ ಬದಲಿಸಲು ಕೋಣೆಯಿಲ್ಲ. ನಾನು ಇಷ್ಟು ವರ್ಷ ಮಳೆಯನ್ನೇ ಬೈಯುತ್ತಿದ್ದೆ. ಹುಡುಗಿಯರ ಆಟ ಕಸಿದಿದ್ದು ಹೆಚ್ಚು ಕತ್ತಲೆಯೇ.
ಸೆಟ್ ಸೋತರು. ಯಾರೂ ಅಳಲಿಲ್ಲ.

ಅಕ್ಟೋಬರ್ 14, ಕೊಳ್ಳೇಗಾಲ
ಮೈ ನೋವು. ಮೈದಾನ ಒಣಗಿದೆ, ಹೋಗಲು ಮನಸ್ಸಾಗಲಿಲ್ಲ. ಇಲ್ಲೂ ಅಂಥದ್ದೊಂದು ಒಳಾಂಗಣ ಕಟ್ಟಿದರೂ ಬೀಗ ಯಾರ ಕೈಲಿರುತ್ತದೆ? ಮದುವೆಗೆ ಬಾಡಿಗೆಗೆ ಕೊಟ್ಟುಬಿಟ್ಟರೆ? ಕೊಳ್ಳೇಗಾಲದಲ್ಲಿ ಕಟ್ಟಿದರೆ ಹನೂರಿನಾಚೆಯ ಹಳ್ಳಿಯವಳು ರಾತ್ರಿ ಮನೆ ಸೇರುವುದು ಹೇಗೆ? ನಿದ್ದೆ ಬರುತ್ತಿಲ್ಲ.

ಅಕ್ಟೋಬರ್ 16
ಬೆಳಿಗ್ಗೆ ಸೋಲಿಗರ ಹುಡುಗಿ ಫೋನ್ ಮಾಡಿದಳು. "ಮಿಸ್, ಮತ್ತೆ ಯಾವಾಗ?" ಉತ್ತರ ಹೇಳದೆ, ನಮಗೂ ಒಳಾಂಗಣ ಬೇಕೆಂದು ಅರ್ಜಿ ಬರೆಯಲು ಕೂತೆ. ದೊಡ್ಡ ಗ್ಯಾಲರಿ ಕೇಳಿಲ್ಲ. 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣ, ಸುತ್ತ 3 ಮೀಟರ್ ಜಾಗ, 7 ಮೀಟರಿಗೆ ಕಡಿಮೆಯಿಲ್ಲದ ಸೂರು, ಗಟ್ಟಿ ದೀಪ, ಹುಡುಗಿಯರಿಗೆ ಕೋಣೆ, ಶೌಚಾಲಯ. ಹನೂರು, ಯಳಂದೂರಿಗೆ ಆಟ ಮುಗಿದ ಮೇಲೆ ಒಂದೊಂದು ಬಸ್. ಸಭೆ, ಸಂಗೀತ, ಕಂಸಾಳೆ ಎಲ್ಲ ನಡೆಯಲಿ, ಸಂಜೆ 5ರಿಂದ 8 ಮಾತ್ರ ಮಕ್ಕಳಿಗೆ ಬಿಟ್ಟುಕೊಡಿ.
ಮೂರು ತಾಲ್ಲೂಕಿನ ತಾಯಂದಿರ ಸಹಿ ಬೇಕು. ಸೋಮವಾರದಿಂದ ಮನೆಮನೆಗೆ ಹೋಗುತ್ತೇನೆ.